ಪೆಟ್ಟಿಗೆಗಳ ಮೇಲೆ ಕೂತು ತೆಗೆಸಿದ ಫೋಟೋ

ಲಿಂಡೆನ್‌ಹೋಫ್, ಜರ್ಮನಿ
12 ಅಕ್ಟೋಬರ್ 1996

ಪ್ರೀತಿಯ ಸೈರಕಾನ್ ಅಕ್ಕನಿಗೆ ನೇತಾಳ ವಂದನೆಗಳು.

ದನಕರು ಕ್ಷೇಮವೇ, ಜೀವ ಕ್ಷೇಮವೇ? ಹೀಗೆ ಕೇಳಿ ಎಷ್ಟು ಕಾಲವಾಯಿತು! ಇಲ್ಲಿ ಯಾರ ಮನೆಯಲ್ಲೂ ದನಕರು ಇಲ್ಲ. ಹಾಗಾಗಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ನಾವು ಚೆನ್ನಾಗಿದ್ದೇವೆ. ನನ್ನ ಗಂಡ ಫ್ರಾಂಜ್‌ಗೆ ಮರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ನಾನು ಒಂದು ಶಾಲೆಯಲ್ಲಿ ಕೆಲಸ ಮಾಡುತ್ತೇನೆ. ಅಂಗಡಿಗೆ ಹೋದರೆ ಮೊಸರಿಗೇ ಒಂದು ಗೋಡೆ ಇದೆ, ಆದರೆ ನಮ್ಮ ಡೈರಿಯಲ್ಲಿ ನೀನು ಹೆಪ್ಪು ಹಾಕುತ್ತಿದ್ದ ಮೊಸರಿನ ರುಚಿ ಯಾವುದಕ್ಕೂ ಇಲ್ಲ.

ಇಲ್ಲಿಯ ನಮ್ಮ ಕ್ರೈಸ್ತ ಸಭೆ ದೊಡ್ಡದು. ಬಡವರಿಗೆ ನೆರವು ಕಳಿಸುವ ಸಮಿತಿಯೊಂದಿದೆ, ಸೋದರ ಕೊರ್ನೀಸ್ ಅದರ ಮುಖ್ಯಸ್ಥರು. ಹೋದ ತಿಂಗಳು ನಾನು ಧೈರ್ಯ ಮಾಡಿ ಎದ್ದು ನಿಂತು ನಿನ್ನ ವಿಷಯ ಹೇಳಿದೆ. ನಾವು ಜರ್ಮನ್ನರೆಲ್ಲ, ಹುಟ್ಟಿ ಬೆಳೆದ ಕಿರ್ಗಿಜ್ ಹಳ್ಳಿ ಕೋಕ್-ತಾಲಾ ಬಿಟ್ಟು ಇಲ್ಲಿಗೆ ಬರುವಾಗ ಪ್ರಾರ್ಥನಾಮಂದಿರದ ಬೀಗದ ಕೈಯನ್ನು ಒಬ್ಬ ಕಿರ್ಗಿಜ್ ವಿಧವೆಯ ಕೈಗೆ ಕೊಟ್ಟು ಬಂದೆವು. ಅವಳು ಇವತ್ತಿಗೂ ಪ್ರತಿ ಭಾನುವಾರ ಒಲೆ ಹಚ್ಚುತ್ತಾಳೆ, ಅವಳು ಮತ್ತು ಕುಂಟ ಪಾವೆಲ್ ಇಬ್ಬರೇ ಕೂತು ಹಾಡುತ್ತಾರೆ ಎಂದೆ. ಹೆಂಗಸರು ಅತ್ತರು. ಅವತ್ತೇ ಪೆಟ್ಟಿಗೆ ಕಟ್ಟಲು ಶುರು ಮಾಡಿದರು. ನಿನಗೆ, ಪಾವೆಲ್‌ಗೆ, ಕಾಲುವೆಯಾಚೆಯ ಬುರುಲ್‌ಳ ಮಕ್ಕಳಿಗೆ, ಯಾರಿಗೆ ಕಷ್ಟವಿದೆಯೋ ಅವರಿಗೆಲ್ಲ ಕೊಡು.

ನಿನ್ನ ತಮ್ಮ ಶಾರ್ಶೆನ್ ಈಗಲಾದರೂ ಮಾತಾಡುತ್ತಾನೆಯೇ? ನೀನು ಮುಸ್ಲಿಂ ಮತ ಬಿಟ್ಟು ಕಾಲುವೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡ ದಿನ ಅವನು ದಡದಲ್ಲಿ ನಿಂತು, "ಇವತ್ತಿಂದ ನಮ್ಮನೆ ಊಟಕ್ಕೆ ನೀನಿಲ್ಲ!" ಎಂದು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ನಿನ್ನ ನೇತಾ


ಕೋಕ್-ತಾಲಾ
1 ಡಿಸೆಂಬರ್ 1996

ನೇತಾ, ನನ್ನ ಬಂಗಾರಿ,

ದನಕರು ಅಂದರೆ ಒಂದು ಹಸು. ಅದು ಕ್ಷೇಮ. ಜೀವವೂ ಕ್ಷೇಮ.

ಪೆಟ್ಟಿಗೆಗಳು ಬಂದವು. ಬುರುಲ್‌ಳ ಮಕ್ಕಳಿಗೆ ಬೂಟು ಸಿಕ್ಕಿತು. ದೊಡ್ಡವಳು ಅದನ್ನು ಹಾಕಿಕೊಂಡೇ ಮಲಗಿದಳಂತೆ. ಆದರೆ ಒಂದು ಮಾತು ಕೇಳುತ್ತೇನೆ, ನಗಬೇಡ. ಆ ಅಂಗೈಯಷ್ಟಗಲದ ಈಜುಡುಗೆ ಯಾರಿಗೆ? ನಮ್ಮ ಕಾಲುವೆಯಲ್ಲಿ ಈಗ ಹಿಮಗಡ್ಡೆ. ಗರಿ ಸಿಕ್ಕಿಸಿದ ಟೋಪಿಯನ್ನು ಹಸುವಿಗೆ ಹಾಕಿ ನೋಡಿದೆ, ನನಗಿಂತ ಅದಕ್ಕೇ ಚೆನ್ನಾಗಿ ಒಪ್ಪಿತು. ಹಂದಿ ಮಾಂಸದ ಡಬ್ಬಿಗಳನ್ನು ಶಾಲಿನಡಿ ಮುಚ್ಚಿಕೊಂಡು ಪಾವೆಲ್‌ಗೆ ಕೊಟ್ಟು ಬಂದೆ. "ಕರ್ತನ ಕೃಪೆ ಕಣಮ್ಮ, ಉಪ್ಪು ಒಂಚೂರು ಜಾಸ್ತಿ," ಎಂದ. ಊರಿನವರೂ ಪೆಟ್ಟಿಗೆ ನೋಡಿ ಸಂತೋಷಪಟ್ಟರು.

ಶಾರ್ಶೆನ್ ಇನ್ನೂ ಮಾತಾಡುವುದಿಲ್ಲ. ಬೀದಿಯಲ್ಲಿ ಎದುರಾದರೆ ಕುದುರೆಯ ಕಿವಿ ನೋಡುತ್ತಾನೆ. ಮುಂದಿನ ಶರತ್ಕಾಲಕ್ಕೆ ಅವನ ಮಗ ಎರ್ಮೆಕ್‌ನ ಮದುವೆಯಂತೆ, ಅಂಗಡಿಯಲ್ಲಿ ಯಾರೋ ಆಡುತ್ತಿದ್ದರು. ಸೊಸೆ ಹೊಸ್ತಿಲು ದಾಟಿದಾಗ ತಲೆಗೆ ಬಿಳಿ ವಸ್ತ್ರ ಕಟ್ಟಬೇಕಾದವಳು ಆ ಮನೆಯ ಹಿರಿಯ ಹೆಣ್ಣು. ನಮ್ಮ ಮನೆತನದಲ್ಲಿ ಈಗ ನನಗಿಂತ ಹಿರಿಯರು ಯಾರೂ ಉಳಿದಿಲ್ಲ. ಎರ್ಮೆಕ್‌ನನ್ನು ಬೆನ್ನಿಗೆ ಕಟ್ಟಿಕೊಂಡು ಹಾಲು ಕರೆದವಳು ನಾನು, ನಿನಗೇ ಗೊತ್ತು.

ನನಗೆ ಬೇಕಾಗಿರುವುದು ಅದೊಂದೇ, ನೇತಾ. ಆ ಮದುವೆಗೆ ನನ್ನನ್ನು ಕರೆಯಬೇಕು. ಕರೆಯದೆ ನಾನು ಹೋಗಲಾರೆ. ತವರಿನ ಬಾಗಿಲನ್ನು ಹೊರಗಿನಿಂದ ಎಷ್ಟು ತಟ್ಟಿದರೂ ಒಳಗಿರುವವರೇ ತೆಗೆಯಬೇಕು. ನೀನು ಪ್ರಾರ್ಥನೆ ಮಾಡು.

ಸೈರಕಾನ್


ಲಿಂಡೆನ್‌ಹೋಫ್
20 ಜನವರಿ 1997

ಪ್ರೀತಿಯ ಅಕ್ಕ,

ನಿನ್ನ ಪತ್ರವನ್ನು ಸಭೆಯಲ್ಲಿ ಓದಿದೆ. ಈಜುಡುಗೆಯ ಭಾಗ ಬಿಟ್ಟು ಓದಿದೆ. ಊರಿನವರೂ ಸಂತೋಷಪಟ್ಟರು ಎಂಬುದನ್ನು ಎರಡು ಸಲ ಓದಿದೆ. ಶನಿವಾರ ಶನಿವಾರ ನಾವು ಹೆಂಗಸರು ಸಭಾಮಂದಿರದ ನೆಲಮಾಳಿಗೆಯಲ್ಲಿ ಕೂತು ಪೆಟ್ಟಿಗೆ ಕಟ್ಟುತ್ತೇವೆ. ಕಾಫಿ ಇರುತ್ತದೆ, ಕೇಕ್ ಇರುತ್ತದೆ. "ನೇತಾ, ಆ ಊರಿನಲ್ಲಿ ಇದು ಬೇಕಾಗುತ್ತಾ, ಅದು ಬೇಕಾಗುತ್ತಾ?" ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ.

ಶಾರ್ಶೆನ್ ವಿಷಯ ಯೋಚಿಸಿದೆ. ಕೊಡುತ್ತಾ ಹೋದರೆ ಕಲ್ಲೂ ಕರಗುತ್ತದೆ ಎಂದು ನಮ್ಮ ಸಭಾಪಾಲಕರು ಹೇಳುತ್ತಾರೆ. ಅದಕ್ಕೇ ಅವನಿಗೆಂದು ಒಂದು ಚರ್ಮದ ಕೋಟು ಇಟ್ಟಿದ್ದೇನೆ. ಹಳೆಯದಾದರೂ ಅಪ್ಪಟ ಚರ್ಮ, ಒಳಗೆ ಉಣ್ಣೆ. ನಿನ್ನ ಕೈಯಾರೆ ಕೊಡು. ಆ ಕೋಟು ಹಾಕಿಕೊಂಡು ಅವನೇ ಬಂದು ನಿನ್ನನ್ನು ಮದುವೆಗೆ ಕರೆಯುತ್ತಾನೆ ನೋಡು.

ಇನ್ನೊಂದು ವಿಷಯ. ಸೋದರ ಕೊರ್ನೀಸ್ ಒಂದು ಫೋಟೋ ಕೇಳುತ್ತಿದ್ದಾರೆ. ಪೆಟ್ಟಿಗೆ ಪಡೆದವರು, ಅವರ ಮನೆ, ಎಲ್ಲ ಕಾಣುವಂತೆ. ನೋಡಿದರೆ ಜನ ಇನ್ನೂ ಹೆಚ್ಚು ಕೊಡುತ್ತಾರಂತೆ. ಬೇಗ ಕಳಿಸು.

ನಿನ್ನ ನೇತಾ


ಕೋಕ್-ತಾಲಾ
18 ಮೇ 1997

ನೇತಾ,

ತಡವಾಯಿತು. ಮೊದಲು ಹಿಮ, ಆಮೇಲೆ ಕೆಸರು, ಆಮೇಲೆ ಆಲೂಗಡ್ಡೆ ಬಿತ್ತನೆ.

ಕೋಟು ಶಾರ್ಶೆನ್‌ಗೆ ಭುಜದಲ್ಲಿ ಬಿಗಿಯಾಯಿತು. ಪಾವೆಲ್ ಹಾಕಿಕೊಳ್ಳುತ್ತಿದ್ದಾನೆ.

ಫೋಟೋ ಇದರ ಜೊತೆಗಿದೆ. ಅದರ ಕಥೆ ಕೇಳು. ಪಟ್ಟಣದಿಂದ ಫೋಟೋದವನನ್ನು ಕರೆಸಿದ್ದೆ. ಆ ಪುಣ್ಯಾತ್ಮ ನೆಟ್ಟಗೆ ನನ್ನ ಮನೆಗೆ ಬರುವುದು ಬಿಟ್ಟು ಅಂಗಡಿಯ ಮುಂದೆ ನಿಂತು, "ಜರ್ಮನಿಯವ್ರು ಕೋಕ್-ತಾಲಾ ನೋಡ್ಬೇಕಂತೆ, ಫೋಟೋ ತೆಗೆಯೋಕ್ ಬಂದಿದೀನಿ," ಎಂದು ಸಾರಿಬಿಟ್ಟ. ನಾನು ಮುಖ ತೊಳೆಯುವಷ್ಟರಲ್ಲಿ ಗೇಟಿನ ಹತ್ತಿರ ಅನಾರ್ಕುಲ್ ನಿಂತಿದ್ದಳು. ಶಾರ್ಶೆನ್ ಹೆಂಡತಿ! ಕಾಲುವೆಯ ಘಟನೆಯ ನಂತರ ನನ್ನ ಗೇಟಿನ ನೆರಳಿಗೂ ಬಂದವಳಲ್ಲ.

"ಅಕ್ಕಾ, ಫೋಟೋ ಜರ್ಮನಿಗೆ ಹೋಗುತ್ತಂತೆ, ಹೌದಾ?"

"ಹೌದು."

"ಮುಂದೆ ಏನ್ ಇಟ್ಕೊಂಡು ಕೂತ್ಕೋತೀರಾ?"

"ಇರೋದು. ಚಹಾ, ರೊಟ್ಟಿ."

"ಅಯ್ಯೋ ನನ್ ಕರ್ಮ! ಬರೀ ರೊಟ್ಟಿನಾ? ಕೋಕ್-ತಾಲಾದಲ್ಲಿ ಬಂದೋರಿಗೆ ಇಡೋಕೆ ಗತಿಯಿಲ್ಲ ಅಂತ ಆ ದೇಶದಲ್ಲೆಲ್ಲಾ ಆಡ್ಕೊಳಲ್ವಾ? ನಿಮ್ಮೊಬ್ಬರ ಮಾನಾನಾ ಅದು? ಆ ಫೋಟೋದವನನ್ನ ಎಲ್ಲಾದ್ರೂ ಕೂರಿಸಿರಿ, ಈಗ ಬಂದೆ."

ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. ಒಬ್ಬಳು ಬಾಣಲೆ ಇಟ್ಟು ಹಿಟ್ಟಿನುಂಡೆ ಬೂರ್ಸೋಕ್ ಕರಿದಳು, ಒಬ್ಬಳು ಕೆನೆ ತಂದಳು, ಒಬ್ಬಳು ಹಣ್ಣಿನ ಜಾಮ್, ಒಬ್ಬಳು ಒಣ ಏಪ್ರಿಕಾಟ್. ನನ್ನ ಗೋಡೆಯ ಬಿರುಕು ಕಾಣದ ಹಾಗೆ ಯಾರದೋ ಮನೆಯ ರತ್ನಗಂಬಳಿ ಬಂತು. ಕೊನೆಗೆ ಅನಾರ್ಕುಲ್ ಏದುಸಿರು ಬಿಡುತ್ತಾ ಚಹಾದ ನೀರು ಕಾಯಿಸುವ ಸಮೋವರ್ ಹೊತ್ತು ತಂದಳು. ನನ್ನ ಅಮ್ಮನ ಸಮೋವರ್ ಅದು. ಬೀದಿಯ ತಿರುವಿನವರೆಗೆ ಶಾರ್ಶೆನ್ನೇ ಹೊತ್ತು ತಂದು, ಅಲ್ಲಿಂದ ಹಿಂದಿರುಗಿದನಂತೆ.

ಕೂರಲು ಜಾಗ ಸಾಲಲಿಲ್ಲ. ನಿಮ್ಮ ಪೆಟ್ಟಿಗೆಗಳನ್ನೇ ಗೋಡೆಗೆ ಸಾಲಾಗಿ ತಳ್ಳಿ, ಮೇಲೆ ಕಂಬಳಿ ಹಾಸಿ ಕೂತೆವು. ಮಧ್ಯದಲ್ಲಿರುವುದು ನಾನು, ಮಖಮಲ್ ಅಂಗಿ ಅನಾರ್ಕುಲ್‌ದು. ಎದೆ ತುಂಬ ಪದಕ ತೂಗುಹಾಕಿಕೊಂಡವನು ಪಾವೆಲ್. ಹಲ್ಲು ಕಿರಿಯುತ್ತಿರುವುದು ಬುರುಲ್. ಚೆನ್ನಾಗಿ ಬಂದಿದೆ ಅಲ್ಲವೇ? ನೋಡಿದವರು ನಮ್ಮನ್ನು ಕೀಳಾಗಿ ಕಾಣುವ ಹಾಗಿಲ್ಲ.

ಸೈರಕಾನ್


ಲಿಂಡೆನ್‌ಹೋಫ್
6 ಜುಲೈ 1997

ಸೈರಕಾನ್ ಅಕ್ಕನಿಗೆ,

ಇದನ್ನು ಕೋಪದಲ್ಲಿ ಬರೆಯುತ್ತಿದ್ದೇನೆ. ನಾಳೆ ಬರೆದರೆ ಸುಳ್ಳು ಬರೆಯುತ್ತೇನೆ, ಅದಕ್ಕೇ ಇವತ್ತೇ ಬರೆದುಬಿಡುತ್ತೇನೆ.

ಆ ಫೋಟೋ ಏಕೆ ಕಳಿಸಿದೆ? ಸೋದರ ಕೊರ್ನೀಸ್ ಅದನ್ನು ದೊಡ್ಡದು ಮಾಡಿಸಿ ಭಾನುವಾರ ಎಲ್ಲರ ಮುಂದೆ ಇಟ್ಟರು. ಆಮೇಲೆ ಯಾರೋ ನಕ್ಕರು. "ಸೋದರಿ ನೇತಾ, ಇವರೇನಾ ನಿಮ್ಮ ಬಡವರು? ಕ್ರಿಸ್ಮಸ್‌ಗೂ ನಮ್ಮ ಮನೇಲಿ ಇಷ್ಟು ತಿಂಡಿ ಇರಲ್ವಲ್ಲ!" ಎಂದರು ಕೊರ್ನೀಸ್. ಅವರು ಕೆಟ್ಟ ಮನುಷ್ಯರಲ್ಲ. ಕಣ್ಣಿಗೆ ಕಂಡದ್ದನ್ನು ಹೇಳಿದರು. ಪೆಟ್ಟಿಗೆ ಎಲ್ಲಿ ಎಂದು ಕೇಳಿದರು. ಅವುಗಳ ಮೇಲೆಯೇ ಕೂತಿದ್ದಾರೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಇನ್ನು ಮುಂದೆ ಕೋಕ್-ತಾಲಾಕ್ಕೆ ಪೆಟ್ಟಿಗೆ ಇಲ್ಲ ಎಂದು ಸಮಿತಿ ತೀರ್ಮಾನಿಸಿತು. ಬೇರೆ ಯಾವುದೋ ದೇಶಕ್ಕೆ ಹೋಗುತ್ತವೆ.

ನಾನು ಸುಳ್ಳುಗಾತಿಯಾದೆ. ಬುರುಲ್‌ಳ ಮಕ್ಕಳಿಗೆ ಈ ಚಳಿಗಾಲ ಏನು ಗತಿ? ಮಾನದ ಆಸೆಗೆ ಅವರ ಬೂಟು ಕಳೆದೆಯಲ್ಲ, ಅಕ್ಕ!

ಅಷ್ಟೇ ಆಗಿದ್ದರೆ ಇಷ್ಟು ಅಳುತ್ತಿರಲಿಲ್ಲ. ನಿಜ ಹೇಳುತ್ತೇನೆ. ಶಾಲೆಯಲ್ಲಿ ಕೆಲಸ ಎಂದಿದ್ದೆನಲ್ಲ, ಅಲ್ಲಿ ನೆಲ ಒರೆಸುತ್ತೇನೆ. ಕೋಕ್-ತಾಲಾದಲ್ಲಿ ನಮ್ಮನ್ನು ಜರ್ಮನ್ನರು ಎನ್ನುತ್ತಿದ್ದರು, ಇಲ್ಲಿ ರಷ್ಯದವರು ಎನ್ನುತ್ತಾರೆ. ಸಭೆಯಲ್ಲಿ ಎಲ್ಲರೂ ಕೈ ಕುಲುಕುತ್ತಾರೆ, ನಗುತ್ತಾರೆ, ಆಮೇಲೆ ಅವರವರ ಮನೆಗೆ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರೂ ನಮ್ಮನ್ನು ಒಂದು ಊಟಕ್ಕೆ ಕರೆದಿಲ್ಲ. ಆ ನೆಲಮಾಳಿಗೆಯ ಶನಿವಾರ ಮಾತ್ರ ನನ್ನ ಪಕ್ಕದಲ್ಲಿ ಜನ ಕೂರುತ್ತಿದ್ದರು. ಈಗ ಬೇರೆ ದೇಶದ ಪೆಟ್ಟಿಗೆ, ಬೇರೆಯವಳನ್ನು ಕೇಳುತ್ತಾರೆ. ಹೋದ ಶನಿವಾರ ನಾನು ಟೇಪು ಕತ್ತರಿಸಿಕೊಡುತ್ತಾ ಮೂಲೆಯಲ್ಲಿ ನಿಂತಿದ್ದೆ.

ನೇತಾ


ಕೋಕ್-ತಾಲಾ
24 ಆಗಸ್ಟ್ 1997

ನನ್ನ ನೇತಾ, ನನ್ನ ಪುಟ್ಟ ತಂಗಿ,

ನಿನ್ನ ಪತ್ರ ಓದಿ ಹಸುವಿನ ಪಕ್ಕದಲ್ಲಿ ಕೂತು ಅತ್ತೆ. ನೀನು ಅಲ್ಲಿ ಮೊಸರಿನ ಗೋಡೆಗೆ ಒರಗಿಕೊಂಡು ಸುಖವಾಗಿದ್ದೀಯ ಎಂದೇ ನಾನು ತಿಳಿದಿದ್ದೆ. ನಿನ್ನ ಎಲ್ಲ ಪತ್ರಗಳನ್ನೂ ಹಾಗೆಯೇ ಓದಿದೆ, ನನ್ನ ಕಣ್ಣಿಗೆ ಮಣ್ಣು ಹಾಕ.

ಈಗ ನನ್ನ ಸರದಿ. ಊರಿನವರು ಸಂತೋಷಪಟ್ಟರು ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಮೊದಲ ಪೆಟ್ಟಿಗೆ ಬಂದ ದಿನದಿಂದ ನನಗೆ "ಬಟ್ಟೆಗೆ ಮಾರಿಕೊಂಡವಳು" ಎಂದು ಹೆಸರು ಬಿತ್ತು. ಮೊದಲಾದರೆ ಸೈರಕಾನ್‌ಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಹುಚ್ಚಿಯನ್ನು ಒಂದಲ್ಲ ಒಂದು ದಿನ ಮನೆಯೊಳಗೆ ಕರೆದಾರು, ಮಾರಿಕೊಂಡವಳನ್ನು ಯಾರು ಕರೆಯುತ್ತಾರೆ? ಬುರುಲ್ ಕತ್ತಲಾದ ಮೇಲೆ ಬಂದು ಬೂಟು ಒಯ್ದಳು.

ಕೋಟೂ ಬಿಗಿಯಾಗಲಿಲ್ಲ. ಶಾರ್ಶೆನ್ ಅದನ್ನು ತೊಟ್ಟೇ ನೋಡಲಿಲ್ಲ. ಕುದುರೆಯ ಮೇಲೆ ಬಂದು ನನ್ನ ಗೇಟಿಗೆ ನೇತುಹಾಕಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದ: "ಬೆತ್ತಲೆ ಇದೀವಿ ಅನ್ಕೊಂಡ್ಯಾ ನಮ್ಮನ್ನ? ನಿನ್ನನ್ನ ಕೊಂಡ್ಕೊಂಡಿದ್ದು ಸಾಲ್ದು ಅಂತ ನನಗೂ ಬೆಲೆ ಕಟ್ತಿದಾರಾ?" ಎಷ್ಟೋ ವರ್ಷಗಳ ಮೇಲೆ ನನ್ನ ತಮ್ಮ ನನ್ನ ಜೊತೆ ಆಡಿದ ಮಾತು ಅದು. ನಿನಗೆ ಬರೆಯಲು ಮನಸ್ಸು ಬರಲಿಲ್ಲ. ಪೆಟ್ಟಿಗೆ ಬೇಡ ಎನ್ನೋಣವೆಂದರೆ ಆ ಮಕ್ಕಳ ಕಾಲು ಕಣ್ಣಿಗೆ ಕಾಣುತ್ತಿತ್ತು.

ಬೂಟಿನ ವಿಷಯದಲ್ಲಿ ನೀನು ಬೈದದ್ದು ಸರಿ. ಆದರೆ ಫೋಟೋದ ಮಾತು ಬೇರೆ. ಫೋಟೋ ಅಂದರೆ ನಮಗೆ ಮನೆಗೆ ಬಂದ ಅತಿಥಿ ಇದ್ದ ಹಾಗೆ. ಅತಿಥಿಯ ಮುಂದೆ ಹರಿದ ಚಾಪೆ ಹಾಸುವುದು ನಮ್ಮ ಕೈಯಲ್ಲಿ ಆಗುವುದಿಲ್ಲ. ನಿನ್ನ ಕೊರ್ನೀಸ್‌ಗೆ ಇದು ಹೇಗೆ ಗೊತ್ತಾಗಬೇಕು? ನಿನಗೆ ಗೊತ್ತಾಗಬೇಕಿತ್ತು, ಕತ್ತೆ! ಇಲ್ಲೇ ಹುಟ್ಟಿ ಬೆಳೆದವಳು.

ಆದರೆ ಆ ದಿನದಿಂದ ಒಂದು ಹೊಸ ವಿಷಯ ನಡೆದಿದೆ. ಅನಾರ್ಕುಲ್ ತನ್ನ ಪಾತ್ರೆ ಒಯ್ಯಲು ಬಂದಳು. ಖಾಲಿ ಪಾತ್ರೆ ಕೊಡಬಾರದಲ್ಲ, ಮೊಸರು ತುಂಬಿ ಕೊಟ್ಟೆ. ಮೊಸರಿನ ಪಾತ್ರೆ ಖಾಲಿ ಬರಬಾರದಲ್ಲ, ಸೇಬು ತುಂಬಿಕೊಂಡು ಬಂತು. ಹೀಗೆ ಒಂದೇ ಪಾತ್ರೆ ಎರಡು ಮನೆಯ ನಡುವೆ ಓಡಾಡುತ್ತಿದೆ. ಮೊನ್ನೆ ಗೇಟು ದಾಟಿ ಒಳಗೆ ಬಂದು ಚಹಾ ಕುಡಿದಳು. ಮದುವೆಯ ಮಾತು ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತದೇ ಇರುವುದು ಎಷ್ಟು ಕಷ್ಟ, ನನ್ನ ನಾಲಿಗೆಗೇ ಗೊತ್ತು.

ಹಸು ಕರೆಯುತ್ತಾ ಯೋಚಿಸುತ್ತೇನೆ. ನಮ್ಮ ಕರ್ತನು ಬಾವಿಕಟ್ಟೆಯಲ್ಲಿ ಆ ಊರವರು ದೂರವಿಟ್ಟ ಹೆಂಗಸಿಗೆ ಮೊದಲು ನೀರು ಕೊಡಲಿಲ್ಲ, ನೀರು ಕೇಳಿದ. ಯಾರೂ ಸೇರಿಸದವರ ಮನೆಗೆ ಹೋಗಿ ಇವತ್ತು ನಿನ್ನ ಮನೆಯಲ್ಲೇ ಊಟ ಎಂದ. ನಾನು ಊರಿಗೆ ಕೊಡುತ್ತಾ ಹೋದಷ್ಟೂ ಊರು ದೂರವಾಯಿತು. ಅವರಿಂದ ಒಂದು ಸಮೋವರ್ ತೆಗೆದುಕೊಂಡೆ, ಹತ್ತಿರ ಬಂದರು. ನೀನೂ ಯಾರ ಬಾಗಿಲಿಗಾದರೂ ಹೋಗಿ ಏನಾದರೂ ಕೇಳು, ನೇತಾ. ಕೊಡುವವರ ಮೂಲೆಯಲ್ಲಿ ಟೇಪು ಹಿಡಿದು ನಿಲ್ಲಬೇಡ.

ಸೈರಕಾನ್


ಲಿಂಡೆನ್‌ಹೋಫ್
5 ಅಕ್ಟೋಬರ್ 1997

ಅಕ್ಕ,

ನನ್ನನ್ನು ಕ್ಷಮಿಸು. ಕೋಟಿನ ಮಾತು ಓದಿ ನಾಚಿಕೆಯಿಂದ ಸತ್ತೆ. ನಿನ್ನ ತಮ್ಮನ ಮಾನಕ್ಕೆ ಉಣ್ಣೆ ಹೊಲಿಸಿ ಕಳಿಸಿದ್ದೆನಲ್ಲ!

ನೀನು ಹೇಳಿದ್ದನ್ನು ಮಾಡಲು ಹೋದೆ. ಕೆಳಗಿನ ಮನೆಯ ಹೆಂಗಸಿನ ಹತ್ತಿರ ಹಿಟ್ಟು ಉಬ್ಬಿಸುವ ಯೀಸ್ಟ್ ಕೇಳೋಣವೆಂದು ಬಟ್ಟಲು ಹಿಡಿದು ಇಳಿದೆ. ಗಂಟೆಯ ಗುಂಡಿ ಒತ್ತಲಿಲ್ಲ. ಅಂಗಡಿ ಪಕ್ಕದಲ್ಲೇ ಇರುವಾಗ ಇವಳಿಗೇನು ಕೇಡು ಎಂದುಕೊಂಡಾಳು ಎನ್ನಿಸಿ ಹಿಂದಕ್ಕೆ ಹತ್ತಿದೆ. ಕೊಡುವುದು ಸುಲಭ, ಅಕ್ಕ. ಕೇಳುವುದು ನನ್ನಿಂದಾಗುತ್ತಿಲ್ಲ.

ಮದುವೆಯ ಕರೆ ಬಂತೇ? ದಿನಾ ಕಾಯುತ್ತಿದ್ದೇನೆ, ನನ್ನದೇ ತವರೇನೋ ಎಂಬ ಹಾಗೆ.

ನೇತಾ


ಕೋಕ್-ತಾಲಾ
16 ನವೆಂಬರ್ 1997

ನೇತಾ!

ಬಂದ. ಅವನೇ ಬಂದ. ಮದುವೆಯ ಹಿಂದಿನ ದಿನ ಬೆಳಗ್ಗೆ, ಗೇಟಿನ ಹೊರಗೆ, ಕುದುರೆಯಿಂದ ಇಳಿದು ನಿಂತ. ಇಳಿದದ್ದನ್ನು ನೋಡಿಯೇ ಕೈಯಲ್ಲಿದ್ದ ಹಾಲಿನ ಬಕೆಟ್ಟು ಕೆಳಗಿಟ್ಟೆ.

"ನಾಳೆ ಬಾ," ಎಂದ. "ಬಿಳಿ ಬಟ್ಟೆ ನೀನೇ ಕಟ್ಬೇಕಂತೆ, ಅನಾರ್ಕುಲ್ ಪ್ರಾಣ ತಿಂತಿದಾಳೆ. ಆದ್ರೆ ನಿನ್ ಪ್ರಾರ್ಥನೆಗೀರ್ಥನೆ ಎಲ್ಲಾ ಈ ಗೇಟಿಂದೊಳಗೇ ಬಿಟ್ಟು ಬಾ. ಬೀಗರಿರ್ತಾರೆ."

ಬರುವುದಕ್ಕೆ ಮಾತ್ರ ಒಪ್ಪಿಕೊಂಡೆ. "ಬರ್ತೀನಿ ಕಣೋ," ಎಂದೆ.

ಹೋದೆ. ಸೊಸೆಯ ತಲೆಗೆ ಬಿಳಿ ವಸ್ತ್ರ ಕಟ್ಟಿದೆ. ಚೊಕ್ಕ ಹುಡುಗಿ, ಮೂಗು ಸ್ವಲ್ಪ ಉದ್ದ. ನಾನು ಕಟ್ಟಿದ ಗಂಟು ಓರೆಯಾಯಿತು, ಎರ್ಮೆಕ್ ಅದನ್ನೇ ಚೆಂದ ಅಂದ. ಆಮೇಲೆ ನಮ್ಮವರು ಮತ್ತು ಹೆಣ್ಣಿನ ಕಡೆಯ ಹತ್ತಿರದವರು ಒಂದೇ ಪಂಕ್ತಿಯಲ್ಲಿ ಕೂತೆವು. ಶಾರ್ಶೆನ್ ಮಾಂಸ ಹಂಚಿದ. ಹಿರಿಯ ಹೆಣ್ಣಿಗೆ ಸಲ್ಲುವ ಬಾಲದ ಬುಡದ ತುಂಡನ್ನು ಯಾರಿಗೆ ಕೊಡುತ್ತಾನೋ ಎಂದು ನಾನು ಚಾಪೆಯ ಅಂಚು ನೋಡುತ್ತಿದ್ದೆ. ನನ್ನ ತಟ್ಟೆಗೆ ಬಿತ್ತು.

ಆ ತುಂಡು ಪಡೆದವಳು ಬಾಯಿಗಿಡದೆ ಮಿಕ್ಕವರು ಮುಟ್ಟುವ ಹಾಗಿಲ್ಲ, ನಿನಗೆ ಗೊತ್ತು. ನಾನು ಮುಟ್ಟಲಿಲ್ಲ. ಮನಸ್ಸಿನಲ್ಲೇ, ಕಣ್ಣು ತೆರೆದುಕೊಂಡೇ ಪ್ರಾರ್ಥಿಸಬಹುದಿತ್ತು, ಕರ್ತನಿಗೆ ಕೇಳಿಸುತ್ತಿತ್ತು. ಆದರೆ ಇಷ್ಟು ವರ್ಷ ಕಾದು, ತಮ್ಮನ ಪಂಕ್ತಿಯಲ್ಲಿ ಕಳ್ಳಿಯ ಹಾಗೆ ಕೂರಲು ನನಗೆ ಆಗಲಿಲ್ಲ. ಎಲ್ಲರೂ ಕಾದರು. ಹಸಿದ ಬೀಗರು ಕೆಮ್ಮಿದರು.

"ತಿನ್ನು ಅಕ್ಕಾ," ಎಂದ ಶಾರ್ಶೆನ್.

"ಕೊಟ್ಟೋನಿಗೆ ಒಂದ್ ಮಾತು ಹೇಳ್ದೆ ತಿಂದು ರೂಢಿಯಿಲ್ಲ."

"ಕೊಟ್ಟೋನು ನಾನು! ಕುರಿ ನಂದು!"

"ಕುರಿಗೆ ಹುಲ್ಲು ಯಾರು ಕೊಟ್ರು?"

ಹೆಣ್ಣಿನ ಚಿಕ್ಕಪ್ಪ ನಕ್ಕುಬಿಟ್ಟ. "ಬೀಗರೇ, ಹುಲ್ಲಿನ ವಿಷ್ಯದಲ್ಲಿ ನಿಮ್ಮಕ್ಕ ಗೆದ್ರು," ಎಂದ. ಶಾರ್ಶೆನ್ ಮುಖ ಕೆಂಪಾಯಿತು. ಅಪ್ಪನ ಕೋಪವೇ ಅವನಿಗೆ ಬಂದಿರುವುದು. ಈಗ ಎದ್ದು ಹೋಗು ಅನ್ನುತ್ತಾನೆ ಎಂದುಕೊಂಡು ನಾನು ಕಾಲಿಗೆ ಶಕ್ತಿ ತಂದುಕೊಂಡೆ. ಅವನು ಚಾಕು ಕೆಳಗಿಟ್ಟ.

"ಹೇಳು ಹಂಗಾದ್ರೆ. ಬೇಗ ಮುಗ್ಸು, ಕೊಬ್ಬು ಹೆಪ್ಪುಗಟ್ಟುತ್ತೆ."

ನಾನು ಗಟ್ಟಿಯಾಗಿ ಪ್ರಾರ್ಥಿಸಿದೆ. ಮಗನಿಗೆ, ಸೊಸೆಗೆ, ಬುರುಲ್‌ಳ ಮಕ್ಕಳ ಕಾಲಿಗೆ ಈ ಚಳಿಗಾಲ ಬೂಟು ಸಿಗಲಿ ಎಂದು, ಮತ್ತೆ ನೇತಾಳನ್ನು ಯಾರಾದರೂ ಊಟಕ್ಕೆ ಕರೆಯಲಿ ಎಂದು. ಕಣ್ಣು ತೆರೆದಾಗ ನನ್ನ ತಮ್ಮ ಎರಡೂ ಅಂಗೈಗಳನ್ನು ಎದುರಿಗೆ ಬಿಡಿಸಿ ಹಿಡಿದು ಕೂತಿದ್ದ. ನಾನು ಮುಗಿಸಿದ್ದು ನೋಡಿ, ಅವರ ದುವಾ ಮುಗಿಸುವ ಹಾಗೆಯೇ, ಆ ಕೈಗಳನ್ನು ಮುಖದ ಮೇಲೆ ಸವರಿಕೊಂಡ. ಅವನ ಹಿಂದೆ ಪಂಕ್ತಿಯ ಎಲ್ಲರೂ ಸವರಿಕೊಂಡರು. ನೇತಾ, ನಾನು ಮಾಂಸ ತಿಂದೆನೋ ಕಣ್ಣೀರು ತಿಂದೆನೋ ಗೊತ್ತಿಲ್ಲ.

"ಆ ಮಕ್ಕಳಿಗೆ ಬೂಟಿಲ್ಲ ಅಂತ ದೇವ್ರಿಗೆ ಹೇಳೋ ಮೊದಲು ನನಗೆ ಹೇಳ್ಬಾರ್ದಿತ್ತಾ?" ಎಂದು ಅನಾರ್ಕುಲ್ ನನಗೆ ಮೊಣಕೈಯಲ್ಲಿ ತಿವಿದಳು. ಹಳೆಯ ಬೂಟುಗಳನ್ನು ಮನೆಮನೆಯಿಂದ ಒಟ್ಟು ಮಾಡುತ್ತಿದ್ದಾಳೆ. ಎರಡು ಜೊತೆ ಆಗಿವೆ, ಇನ್ನೂ ಬೇಕು.

ಊಟದ ಮಧ್ಯೆ ಶಾರ್ಶೆನ್ ಕೇಳಿದ, "ನೇತಾ ಅಂದ್ರೆ ನಮ್ ಡೈರಿ ನೇತಾನಾ? ಅವಳಿಗ್ಯಾಕೆ ಪ್ರಾರ್ಥನೆ? ಜರ್ಮನಿಯಲ್ಲಿ ಏನ್ ಕಡಿಮೆ ಆಗಿದೆ ಅವಳಿಗೆ?"

"ಊಟಕ್ಕೆ ಕರೆಯೋರಿಲ್ಲ ಕಣೋ."

ಅವನು ಅಗಿಯುವುದನ್ನು ನಿಲ್ಲಿಸಿದ. "ಒಬ್ರೂ ಇಲ್ವಾ?"

"ಒಬ್ರೂ ಇಲ್ಲ."

"ಛೆ ಛೆ," ಎಂದು ತುಂಬ ಹೊತ್ತು ತಲೆ ಆಡಿಸಿದ. ಅಷ್ಟು ಬಡವರನ್ನು ಅವನು ನೋಡಿಯೇ ಇರಲಿಲ್ಲ. ಆಮೇಲೆ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ:

"ವಸಂತಕ್ಕೆ ಬರೋಕೆ ಬರಿ ಅವಳಿಗೆ. ಒಂದು ಕುರಿ ಇಟ್ಟಿರ್ತೀನಿ. ಪೆಟ್ಟಿಗೆಗಿಟ್ಟಿಗೆ ತಂದ್ಲೋ, ಗೇಟಿಂದಾನೇ ವಾಪಸ್ ಕಳಿಸ್ತೀನಿ. ಕೈಬೀಸ್ಕೊಂಡು ಬರ್ಲಿ."

ಸೈರಕಾನ್